ಮೊದಲ ದಿನದ 38 ರೂಪಾಯಿ: ಹಾಜಿ ಅಬ್ದುಲ್ಲಾ ಸಾಹೇಬರ ಜೀವನ

ಪಿಯುಸಿ ಮುಗಿಯುವ ಹೊತ್ತಿಗೆ ಎಲ್ಲರ ಮನೆಯಲ್ಲೂ ಬರುವ ಪ್ರಶ್ನೆ ಒಂದೇ: ಮುಂದೇನು? ವಾಣಿಜ್ಯ ವಿಭಾಗದ ನಮಗೆ ಹಲವು ದಾರಿಗಳು ಕಾಣುತ್ತವೆ. ಬಿ.ಕಾಂ., ಸಿ.ಎ., ಬ್ಯಾಂಕ್ ಪರೀಕ್ಷೆ, ಮನೆಯವರ ಅಂಗಡಿ, ಗಲ್ಫ್. ಆದರೆ ಕೆಲಸ ಸಿಕ್ಕಿದ ಮೇಲೆ ದಿನವೂ ಬೆಳಿಗ್ಗೆಯಿಂದ ಸಂಜೆಯವರೆಗೆ ನಾವು ಮಾಡುವುದೇನು ಎಂದು ಯೋಚಿಸುವವರು ಕಡಿಮೆ. ಈ ಪ್ರಶ್ನೆಗೆ ನಮ್ಮ ಕರಾವಳಿಯ ಒಬ್ಬ ಹಿರಿಯರ ಜೀವನದಲ್ಲಿ ಉತ್ತರ ಹುಡುಕಬಹುದು. ಅವರೇ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕರಾದ ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು.

ಅಬ್ದುಲ್ಲಾ ಸಾಹೇಬರು ಹುಟ್ಟಿದ್ದು 1882ರಲ್ಲಿ. ಉಡುಪಿಯ ವ್ಯಾಪಾರಿ ಮನೆತನ ಅವರದು. ಆಗ ನಮ್ಮ ಸುಳ್ಯ, ಪುತ್ತೂರು, ಉಡುಪಿ ಎಲ್ಲವೂ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. 1905ರಲ್ಲಿ ಬಂಗಾಳದ ವಿಭಜನೆಯ ನಂತರ ಸ್ವದೇಶಿ ಚಳವಳಿ ದೇಶದಲ್ಲೆಲ್ಲ ಹರಡಿತು. ವಿದೇಶಿ ಬಟ್ಟೆ ಬಿಡುವುದರ ಜೊತೆಗೆ, ನಮ್ಮ ಹಣ ನಮ್ಮ ಊರಿನ ಕೆಲಸಕ್ಕೇ ಬರಬೇಕು ಎಂಬ ಯೋಚನೆಯೂ ಬೆಳೆಯಿತು. ಸಾಮಾನ್ಯ ಜನರಿಗೆ ಉಳಿತಾಯ ಇಡಲು ಜಾಗವಿರಲಿಲ್ಲ. ಸಾಲ ಬೇಕಾದರೆ ಸಾಹುಕಾರನ ಮನೆಗೆ ಹೋಗಬೇಕಿತ್ತು, ಅವನು ಹೇಳಿದ ಬಡ್ಡಿ ಕೊಡಬೇಕಿತ್ತು.

1906ರ ಮಾರ್ಚ್ 12ರಂದು ಅಬ್ದುಲ್ಲಾ ಸಾಹೇಬರು ಊರಿನ ಕೆಲವು ಗಣ್ಯರನ್ನು ಸೇರಿಸಿಕೊಂಡು ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭಿಸಿದರು. ಆಗ ಅವರಿಗೆ ಸುಮಾರು 24 ವರ್ಷ, ಅಂದರೆ ನಮಗಿಂತ ಆರೇಳು ವರ್ಷ ದೊಡ್ಡವರು ಅಷ್ಟೇ. ಮೂಲ ಬಂಡವಾಳ 5,000 ರೂಪಾಯಿ. ಅದು ಶುರುವಾದದ್ದು ಒಂದು ಚಿಕ್ಕ ನಿಧಿಯ ರೂಪದಲ್ಲಿ. ಜಾತಿ ಮತದ ಭೇದವಿಲ್ಲದೆ ಎಲ್ಲ ಜನರಲ್ಲಿ ಉಳಿತಾಯದ ಅಭ್ಯಾಸವನ್ನೂ ಪರಸ್ಪರ ಸಹಕಾರವನ್ನೂ ಬೆಳೆಸುವುದು ಸ್ಥಾಪಕರ ಉದ್ದೇಶವಾಗಿತ್ತು.

ಮೊದಲ ದಿನದ ಕೊನೆಗೆ ಸಂಗ್ರಹವಾದ ಹಣ 38 ರೂಪಾಯಿ 13 ಆಣೆ 2 ಪೈ. ಈ ಲೆಕ್ಕ ಇಂದಿಗೂ ಉಳಿದುಕೊಂಡು ಬಂದಿದೆ. ಇದನ್ನು ಓದಿದಾಗ ನನಗೆ ಹೆಚ್ಚು ಹಿಡಿಸಿದ್ದು ಆ ಕೊನೆಯ 2 ಪೈ. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ, ಅಂದರೆ ರೂಪಾಯಿಗೆ 192 ಪೈ. ಅಷ್ಟು ಸಣ್ಣ ನಾಣ್ಯವನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದರು.

ಆ ಕಾಲದ ಲೆಕ್ಕದ ಕೆಲಸ ಹೇಗಿರುತ್ತಿತ್ತು ಎಂದು ಸ್ವಲ್ಪ ಯೋಚಿಸಿ. ಕಂಪ್ಯೂಟರ್ ಇಲ್ಲ, ಕ್ಯಾಲ್ಕುಲೇಟರ್ ಇಲ್ಲ. ಹಣ ಬಂದ ಕೂಡಲೇ ದಿನದ ಪುಸ್ತಕಕ್ಕೆ ಬರೆಯಬೇಕು, ಅಲ್ಲಿಂದ ಆಯಾ ಖಾತೆಗೆ ಏರಿಸಬೇಕು. ಸಂಜೆ ಪೆಟ್ಟಿಗೆಯಲ್ಲಿರುವ ನಗದು ಪುಸ್ತಕದ ಲೆಕ್ಕಕ್ಕೆ ತಾಳೆಯಾಗಬೇಕು. ಆಗದಿದ್ದರೆ ಮೊದಲ ಸಾಲಿನಿಂದ ಮತ್ತೆ ಕೂಡಬೇಕು. ಈಗ ನಾವು ಬಡ್ಡಿ ಲೆಕ್ಕ ಮಾಡುವಾಗ ದಶಮಾಂಶದಲ್ಲಿ ಮುಗಿಸುತ್ತೇವೆ. ಆಗ 100 ರೂಪಾಯಿಗೆ ವರ್ಷಕ್ಕೆ ಶೇ. 5ರಂತೆ ಒಂದು ತಿಂಗಳ ಬಡ್ಡಿ 6 ಆಣೆ 8 ಪೈ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಬೇಕಿತ್ತು. ನಯೆ ಪೈಸೆ ಬಂದದ್ದು 1957ರಲ್ಲಿ.

ಇಷ್ಟು ಕಟ್ಟುನಿಟ್ಟು ಯಾಕೆ ಬೇಕಿತ್ತು ಎಂಬುದಕ್ಕೆ ಅದೇ ವರ್ಷದ ಒಂದು ಘಟನೆ ಸಾಕು. 1906ರ ಅಕ್ಟೋಬರಿನಲ್ಲಿ ಮದ್ರಾಸಿನ ಅರ್ಬತ್‌ನಾಟ್ ಎಂಬ ಬ್ರಿಟಿಷ್ ಸಂಸ್ಥೆ ದಿವಾಳಿಯಾಯಿತು. ದೊಡ್ಡ ಹೆಸರು, ದೊಡ್ಡ ಕಟ್ಟಡ ಎಂದು ನಂಬಿ ಹಣ ಇಟ್ಟಿದ್ದ ಸಾವಿರಾರು ಮಂದಿ ನಷ್ಟಕ್ಕೆ ಸಿಲುಕಿದರು. ಅಂಥ ಸಮಯದಲ್ಲಿ ಏಳು ತಿಂಗಳ ಹಿಂದಷ್ಟೇ ಶುರುವಾದ ಉಡುಪಿಯ ಚಿಕ್ಕ ನಿಧಿಯನ್ನು ಜನ ನಂಬಬೇಕಾದರೆ ಅದರ ಲೆಕ್ಕ ಸರಿಯಾಗಿರಲೇಬೇಕಿತ್ತು.

ಸಾಹೇಬರ ಸಂಸ್ಥೆ ಅವಸರದಲ್ಲಿ ಬೆಳೆಯಲಿಲ್ಲ. ಮೊದಲ ಶಾಖೆ ಕುಂದಾಪುರದಲ್ಲಿ ತೆರೆದದ್ದು 1923ರಲ್ಲಿ, ಅಂದರೆ 17 ವರ್ಷಗಳ ನಂತರ. ಮಂಗಳೂರಿನ ಶಾಖೆ 1926ರಲ್ಲಿ ಬಂತು. ಅಷ್ಟು ವರ್ಷ ಒಂದೇ ಊರಿನಲ್ಲಿ ಒಂದೇ ಕೆಲಸವನ್ನು ಮಾಡಿಕೊಂಡು ಬಂದರು. ಇದೇ ಜಿಲ್ಲೆಯಲ್ಲಿ 1906ರ ಜುಲೈಯಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರಿಂದ ಕೆನರಾ ಬ್ಯಾಂಕ್ ಹುಟ್ಟಿತು. ನಂತರ ಕರ್ಣಾಟಕ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್, ವಿಜಯಾ ಬ್ಯಾಂಕ್ ಬಂದವು. ನಮ್ಮ ಜಿಲ್ಲೆಯನ್ನು ಬ್ಯಾಂಕುಗಳ ತೊಟ್ಟಿಲು ಎನ್ನುವುದು ಇದಕ್ಕೇ.

ಅಬ್ದುಲ್ಲಾ ಸಾಹೇಬರು ಮದ್ರಾಸ್ ಶಾಸನ ಪರಿಷತ್ತಿನ ಸದಸ್ಯರೂ ಆಗಿದ್ದರು. ಉಡುಪಿಯಲ್ಲಿ ಆಸ್ಪತ್ರೆಗಾಗಿ ತಮ್ಮ ಜಾಗವನ್ನು ದಾನ ಮಾಡಿದರು. ಅಲ್ಲಿಯ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ಅವರ ಹೆಸರಿದೆ. 1935ರಲ್ಲಿ, ಸುಮಾರು 53ನೇ ವಯಸ್ಸಿನಲ್ಲಿ ತೀರಿಕೊಂಡರು. ಬ್ಯಾಂಕ್ 1980ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ಅವರ ಮನೆ ಈಗ ನಾಣ್ಯಗಳ ಸಂಗ್ರಹಾಲಯವಾಗಿದೆ. ಉಡುಪಿಗೆ ಪ್ರವಾಸ ಹೋದರೆ ನೋಡಬಹುದು.

ನಮ್ಮಲ್ಲಿ ಹಲವರ ಮನೆಗಳಲ್ಲಿ ಬ್ಯಾಂಕಿನ ಕೆಲಸ ಎಂದ ಕೂಡಲೇ ಬಡ್ಡಿಯ ಪ್ರಶ್ನೆ ಏಳುತ್ತದೆ. ಅದು ಸಣ್ಣ ಪ್ರಶ್ನೆಯಲ್ಲ. ತಿಳಿದವರಲ್ಲಿ ಕೇಳಿ, ಮನೆಯವರ ಜೊತೆ ಮಾತಾಡಿ ಪ್ರತಿಯೊಬ್ಬರೂ ತೀರ್ಮಾನಿಸಬೇಕು. ಆದರೆ ಸಾಹೇಬರ ಜೀವನದಿಂದ ಕಲಿಯುವುದು ಬ್ಯಾಂಕಿಗೆ ಹೋಗುವವರಿಗೆ ಮಾತ್ರ ಇರುವುದಲ್ಲ. ಮನೆಯಲ್ಲಿ ನಾವು ಉರ್ದುವಿನಲ್ಲಿ ಅಮಾನತ್ ಎನ್ನುತ್ತೇವೆ: ಬೇರೆಯವರು ನಂಬಿ ನಮ್ಮ ಕೈಗೆ ಕೊಟ್ಟದ್ದು, ಹಾಗೆಯೇ ಹಿಂದಿರುಗಿಸಬೇಕಾದದ್ದು. ಕನ್ನಡ ಪತ್ರಿಕೆಯಲ್ಲಿ ಅಮಾನತು ಎಂದರೆ ಹೆಚ್ಚಾಗಿ ಕೆಲಸದಿಂದ ತಾತ್ಕಾಲಿಕವಾಗಿ ತೆಗೆದುಹಾಕುವುದು. ಮೊದಲ ಅರ್ಥವನ್ನು ಮರೆತವರಿಗೆ ಎರಡನೆಯದು ಬರುತ್ತದೆ ಎಂದು ನಾನು ತಮಾಷೆಗೆ ಅಂದುಕೊಳ್ಳುವುದುಂಟು.

ಮರ್ಕಂಜದಂಥ ಊರಿನಲ್ಲೂ ಈ ಕೆಲಸ ದಿನವೂ ನಡೆಯುತ್ತಿದೆ. ಅಡಿಕೆ ಅಂಗಡಿಯಲ್ಲಿ ತೂಕ ಬರೆಯುವವರು, ಸೊಸೈಟಿಯಲ್ಲಿ ರೈತರ ಸಾಲದ ಕಂತು ದಾಖಲಿಸುವವರು, ದಿನಸಿ ಅಂಗಡಿಯಲ್ಲಿ ಕಡದ ಪುಸ್ತಕ ಇಡುವವರು, ಆಡಿಟರ ಕಚೇರಿಯಲ್ಲಿ ಬಿಲ್ಲು ಜೋಡಿಸುವವರು, ಎಲ್ಲರದ್ದೂ ಒಂದೇ ರೀತಿಯ ಕೆಲಸ. ಅದರಲ್ಲಿ ಬೇಸರವೂ ಇದೆ. ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡಬೇಕು. ಸರಿಯಾಗಿ ಮಾಡಿದರೆ ಯಾರೂ ಗಮನಿಸುವುದಿಲ್ಲ, ತಪ್ಪಾದರೆ ಮಾತ್ರ ಕರೆದು ಕೇಳುತ್ತಾರೆ. ಆದರೆ ಒಬ್ಬ ರೈತನ ವರ್ಷದ ದುಡಿಮೆ ಆ ಒಂದು ಸಾಲಿನ ಬರಹದ ಮೇಲೆ ನಿಂತಿರುತ್ತದೆ.

ಆದ್ದರಿಂದ ಸ್ನೇಹಿತರೇ, ಕೋರ್ಸ್ ಆರಿಸುವಾಗ ಸಂಬಳ ಎಷ್ಟು ಎಂದು ಕೇಳುವುದರ ಜೊತೆಗೆ, ಆ ಕೆಲಸದಲ್ಲಿ ದಿನವೂ ಏನು ಮಾಡಬೇಕು, ಅದನ್ನು 17 ವರ್ಷ ಒಂದೇ ಕಡೆ ಮಾಡುವ ತಾಳ್ಮೆ ನನಗಿದೆಯೇ ಎಂದೂ ಕೇಳಿಕೊಳ್ಳೋಣ. ರಜೆಯಲ್ಲಿ ಒಂದು ವಾರ ಯಾವುದಾದರೂ ಅಂಗಡಿಯಲ್ಲೋ ಕಚೇರಿಯಲ್ಲೋ ಕುಳಿತು ನೋಡಿದರೆ ಇನ್ನೂ ಒಳ್ಳೆಯದು. ಸಂಜೆ ನಗದು ತಾಳೆಯಾಗುವವರೆಗೆ ಅಲ್ಲೇ ಇದ್ದು ನೋಡಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ