ಹಳೆಯ ಊರಿನ ವೈದ್ಯ: ಸರ್ ಪ್ಯಾಟ್ರಿಕ್ ಗೆಡ್ಡೆಸ್

ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರದಲ್ಲಿ 1861ರ ನವೆಂಬರ್ ತಿಂಗಳ ಒಂದು ರಾತ್ರಿ, ಹಳೆಯ ಪಟ್ಟಣದ ಹೆದ್ದಾರಿಯಲ್ಲಿದ್ದ ಬಹು ಅಂತಸ್ತಿನ ವಠಾರವೊಂದು ಕುಸಿದುಬಿದ್ದು, ಮಲಗಿದ್ದವರಲ್ಲಿ 35 ಮಂದಿ ಮಡಿದರು. ಸಿರಿವಂತರು ಅದಾಗಲೇ ಕಣಿವೆಯಾಚೆಯ ಹೊಸ ಪಟ್ಟಣಕ್ಕೆ ವಲಸೆ ಹೋಗಿದ್ದರು. ಅವರು ಬಿಟ್ಟುಹೋದ ಎತ್ತರದ ಮನೆಗಳಲ್ಲಿ, ಕೋಣೆಗೊಂದು ಸಂಸಾರದಂತೆ, ಬಡವರು ತುಂಬಿಕೊಂಡಿದ್ದರು. ಈ ದುರಂತದಿಂದ ನಗರಾಡಳಿತವು ಎಚ್ಚೆತ್ತಿತು. ಆರೋಗ್ಯಾಧಿಕಾರಿಯ ನೇಮಕವಾಯಿತು, ವರದಿ ಬಂದಿತು, 1867ರಲ್ಲಿ ಸುಧಾರಣಾ ಕಾಯಿದೆಯೂ ಆಯಿತು. ಆದರೆ ಸುಧಾರಣೆಯೆಂದರೆ ಆಗಿನವರ ಎಣಿಕೆಯಲ್ಲಿ ಮುಖ್ಯವಾಗಿ ಕೆಡವುವುದು. ಹಳೆಯ ಓಣಿಗಳನ್ನು ಸೀಳಿಕೊಂಡು ನೇರವಾದ ಅಗಲ ಬೀದಿಗಳು ಹಾದುಹೋದುವು. ಮನೆ ಕಳೆದುಕೊಂಡವರು ಪಕ್ಕದ ಓಣಿಯ ಇಕ್ಕಟ್ಟನ್ನೇ ಇನ್ನಷ್ಟು ಹೆಚ್ಚಿಸಿದರು.

ಊರನ್ನು ಕೆಡವದೆ ಸುಧಾರಿಸುವುದು ಹೇಗೆಂಬುದನ್ನು ಆ ನಗರಕ್ಕೆ ಮಾಡಿ ತೋರಿಸಿದ ಮಹನೀಯರೇ ಪ್ಯಾಟ್ರಿಕ್ ಗೆಡ್ಡೆಸ್. ಅವರು 1854ರ ಅಕ್ಟೋಬರ್ 2ರಂದು ಬ್ಯಾಲಟರ್ ಎಂಬಲ್ಲಿ ಜನಿಸಿದರು. ತಂದೆ ಸೈನ್ಯದಲ್ಲಿದ್ದವರು. ಬಾಲ್ಯ ಕಳೆದದ್ದು ಪರ್ತ್ ಪಟ್ಟಣದಲ್ಲಿ. ತಂದೆಯ ಇಚ್ಛೆಯಂತೆ ಕೆಲಕಾಲ ಬ್ಯಾಂಕಿನಲ್ಲಿ ದುಡಿದು, ಮನಸ್ಸು ನಿಲ್ಲದೆ ಲಂಡನ್ನಿಗೆ ಹೋಗಿ ಪ್ರಸಿದ್ಧ ವಿಜ್ಞಾನಿ ಹಕ್ಸ್‌ಲಿಯವರ ಶಿಷ್ಯರಾದರು. ವಿಚಿತ್ರವೆಂದರೆ, ಮುಂದೆ ಪ್ರಾಧ್ಯಾಪಕರಾದ ಈ ವಿದ್ವಾಂಸರು ಯಾವ ಪದವಿ ಪರೀಕ್ಷೆಯನ್ನೂ ಮುಗಿಸಿದವರಲ್ಲ! ನಮ್ಮ ವಂಶದಲ್ಲಿ ಮೊದಲ ಬಾರಿಗೆ ಬಿ.ಎ. ಪರೀಕ್ಷೆಗೆ ಕೂರಲಿರುವ ನಾನು ಈ ಸಂಗತಿಯನ್ನು ಮನೆಯಲ್ಲಿ ಹೇಳಲು ಹೋಗಲಿಲ್ಲ.

1879ರಲ್ಲಿ ಸಸ್ಯಪ್ರಾಣಿಗಳ ಅಧ್ಯಯನಕ್ಕಾಗಿ ಮೆಕ್ಸಿಕೋ ದೇಶಕ್ಕೆ ಹೋದಾಗ ಅವರ ಕಣ್ಣಿನ ದೃಷ್ಟಿ ಮಸುಕಾಗಿ, ಕೆಲಕಾಲ ಕತ್ತಲೆಯ ಕೋಣೆಯಲ್ಲಿರಬೇಕಾಯಿತು. ದೃಷ್ಟಿ ಮರಳಿತಾದರೂ ಸೂಕ್ಷ್ಮದರ್ಶಕದ ಮುಂದೆ ಹೊತ್ತುಗಟ್ಟಲೆ ಕೂರುವಂತಿರಲಿಲ್ಲ. ಜೀವಿಗೂ ಅದರ ಪರಿಸರಕ್ಕೂ ಇರುವ ಸಂಬಂಧವನ್ನು ಬಲ್ಲ ಅವರ ಗಮನವು ಕ್ರಮೇಣ ಮನುಷ್ಯನ ಕಡೆಗೂ ಅವನ ಊರಿನ ಕಡೆಗೂ ಹರಿಯಿತು.

1886ರಲ್ಲಿ ಅವರು ಆನಾ ಮಾರ್ಟನ್ ಎಂಬಾಕೆಯನ್ನು ವಿವಾಹವಾದರು. ಹೊಸ ಪಟ್ಟಣದ ಒಳ್ಳೆಯ ಮನೆಯನ್ನು ಬಿಟ್ಟು, ದಂಪತಿಗಳು ಹಳೆಯ ಪಟ್ಟಣದ ಜೇಮ್ಸ್ ಕೋರ್ಟ್ ಎಂಬ ಹೊಲಸು ವಠಾರಕ್ಕೆ ಸಂಸಾರ ಹೂಡಲು ಬಂದರು. ಬಂಧುಮಿತ್ರರಿಗೆ ಇದು ಹುಚ್ಚಾಗಿ ಕಂಡಿರಬೇಕು. ಗಂಡಹೆಂಡಿರು ತಾವೇ ಗುಡಿಸಿದರು, ಸುಣ್ಣ ಬಳಿದರು, ಕಿಟಕಿಗಳಲ್ಲಿ ಹೂಗಿಡಗಳನ್ನಿಟ್ಟರು. ನೋಡುತ್ತಿದ್ದ ನೆರೆಹೊರೆಯವರೂ ಕೈಜೋಡಿಸಿದರು. ಅನಂತರ ಗೆಡ್ಡೆಸರು ಸಾಲ ಮಾಡಿ, ಮಿತ್ರರಿಂದ ಹಣ ಕೂಡಿಸಿ, ಒಂದೊಂದಾಗಿ ಹಳೆಯ ಕಟ್ಟಡಗಳನ್ನು ಕೊಂಡು ದುರಸ್ತಿ ಮಾಡಿಸತೊಡಗಿದರು. ರಿಡಲ್ಸ್ ಕೋರ್ಟ್ ಮುಂತಾದ ಮನೆಗಳು ವಿದ್ಯಾರ್ಥಿನಿಲಯಗಳಾದುವು. ಕೋಟೆಯ ಪಕ್ಕದಲ್ಲಿ ರಾಮ್ಸೆ ಗಾರ್ಡನ್ ಎದ್ದಿತು. ಬಡವರ ಕೇರಿಯಲ್ಲಿ ಕಲಿತವರೂ ಬಂದು ನೆಲಸಲಿ, ಅಲ್ಲಿದ್ದವರು ಚದುರದಿರಲಿ ಎಂಬುದು ಅವರ ಹಂಚಿಕೆ. ಲೆಕ್ಕಪತ್ರ ಮಾತ್ರ ಅವರಿಗೆ ಒಲಿಯಲಿಲ್ಲ! ಆ ಭಾರವನ್ನು ಹೊತ್ತವರು ಆನಾ. ಕೊನೆಗೆ 1896ರಲ್ಲಿ ಸಂಘವೊಂದನ್ನು ಸ್ಥಾಪಿಸಿ ಆಸ್ತಿಗಳನ್ನು ಅದಕ್ಕೆ ವಹಿಸಬೇಕಾಯಿತು. ಇಷ್ಟರಲ್ಲಿ, 1888ರಿಂದ, ಡಂಡಿಯಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕತ್ವವೂ ದೊರೆತಿದ್ದಿತು. ವರ್ಷಕ್ಕೆ ಕೆಲವೇ ತಿಂಗಳ ಪಾಠ. ಉಳಿದ ಕಾಲವೆಲ್ಲ ಊರಿಗೆ.

ಅವರ ಕ್ರಮಕ್ಕೆ ಉಳಿಸುವ ಶಸ್ತ್ರಚಿಕಿತ್ಸೆ ಎನ್ನಬಹುದು. ಬೆರಳು ನೊಂದರೆ ತೋಳನ್ನು ಕಡಿಯುವ ವೈದ್ಯನುಂಟೆ? ಮೊದಲು ನಕ್ಷೆ ಹಿಡಿದು ಓಣಿಓಣಿಯನ್ನೂ ಕಾಲ್ನಡಿಗೆಯಲ್ಲಿ ಸುತ್ತಬೇಕು. ಪ್ರತಿಯೊಂದು ಮನೆ, ಬಾವಿ, ಮರ, ಗುಡಿಯನ್ನು ಗುರುತಿಸಬೇಕು. ತೀರ ಶಿಥಿಲವಾದ ಒಂದೆರಡು ಮನೆಗಳನ್ನಷ್ಟೇ ತೆಗೆದರೆ ಆ ಜಾಗದಲ್ಲಿ ಗಾಳಿಬೆಳಕಿನ ಅಂಗಳವಾಗುತ್ತದೆ, ಮಕ್ಕಳಿಗೆ ಆಟದ ಬಯಲಾಗುತ್ತದೆ. ಎಡಿನ್‌ಬರೋ ನಗರದ ಪಾಳುಜಾಗಗಳಲ್ಲಿ ಹೀಗೆ ತೋಟಗಳನ್ನು ಮಾಡಿದವರಲ್ಲಿ ಅವರ ಮಗಳು ನೋರಾ ಪ್ರಮುಖಳು. ನಮ್ಮೂರ ಪೇಟೆಬೀದಿಯ ಗೋಡೆಗಳ ಮೇಲೆ ರಸ್ತೆ ಅಗಲಿಸುವವರು ಕೆಂಪು ಗೆರೆ ಎಳೆದುಹೋಗಿದ್ದಾರೆ. ಗೆರೆ ಎಳೆದವರು ಯಾವ ಮನೆಯ ಒಳಕ್ಕೂ ಬರಲಿಲ್ಲ. ಗೆಡ್ಡೆಸರ ಕ್ರಮದಲ್ಲಿ ಗೆರೆ ಎಳೆಯುವುದು ಕಟ್ಟಕಡೆಯ ಕೆಲಸ.

ಮದರಾಸಿನ ಗವರ್ನರಾಗಿದ್ದ ಲಾರ್ಡ್ ಪೆಂಟ್‌ಲೆಂಡ್ ಅವರ ಆಹ್ವಾನದ ಮೇಲೆ 1914ರಲ್ಲಿ ಅವರು ಭಾರತಕ್ಕೆ ಬಂದರು. ನಗರಗಳನ್ನು ಕುರಿತ ಅವರ ಪ್ರದರ್ಶನ ಸಾಮಗ್ರಿಯನ್ನು ಹೊತ್ತ ಹಡಗನ್ನು ಜರ್ಮನರ ಎಮ್ಡನ್ ನೌಕೆಯು ಮುಳುಗಿಸಿತು. ಅವರು ಎದೆಗುಂದದೆ ಹೊಸ ಸಾಮಗ್ರಿಯನ್ನು ತರಿಸಿಕೊಂಡು 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆಸಿದರು. ಅದೇ ವರ್ಷ ತಂಜಾವೂರು, ಮಧುರೆಗಳ ಜೊತೆಗೆ, ಆಗ ಮದರಾಸು ಪ್ರಾಂತ್ಯದಲ್ಲಿದ್ದ ನಮ್ಮ ಬಳ್ಳಾರಿಯನ್ನು ಕುರಿತೂ ವರದಿ ಬರೆದರು. ಮುಂದಿನ ವರ್ಷಗಳಲ್ಲಿ ಲಾಹೋರು, ಬಲರಾಂಪುರ, ಇಂದೂರು ಮೊದಲಾದ ಅನೇಕ ಊರುಗಳ ಸರದಿ. ಸೊಳ್ಳೆಗಳಿಗೆ ಹೆದರಿ ಕೆರೆಗಳನ್ನು ಮುಚ್ಚಬಾರದು, ಹೂಳೆತ್ತಿಸಿ ಮೀನು ಬಿಡಬೇಕು ಎಂಬುದು ಅವರ ಸಲಹೆಯಾಗಿದ್ದಿತು. ಬೆಂಗಳೂರಿನ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎಂಬುದನ್ನು ಬಲ್ಲವರಿಗೆ ಆ ಸಲಹೆಯ ಬೆಲೆ ತಿಳಿದೀತು.

ಇಂದೂರಿನಲ್ಲಿ ಪ್ಲೇಗಿನ ಭೀತಿಯಿದ್ದ ಕಾಲ. ಗೆಡ್ಡೆಸರು ಆಜ್ಞೆ ಹೊರಡಿಸಲಿಲ್ಲ. ಒಂದು ದಿನದ ಮಟ್ಟಿಗೆ ತಮಗೆ ಮಹಾರಾಜರ ಅಧಿಕಾರವನ್ನು ಬೇಡಿ ಪಡೆದು, ಆ ಸಾರಿಯ ದೀಪಾವಳಿಯ ಮೆರವಣಿಗೆಯು ರೂಢಿಯ ದಾರಿ ಬಿಟ್ಟು, ಹೆಚ್ಚು ಮನೆಗಳು ಶುಚಿಯಾಗಿರುವ ಬೀದಿಗಳಲ್ಲಿ ಬರುವುದೆಂದು ಸಾರಿಸಿದರಂತೆ. ಊರಿಗೆ ಊರೇ ಪೊರಕೆ ಹಿಡಿಯಿತು! ಮೆರವಣಿಗೆಯಲ್ಲಿ ಪ್ಲೇಗಿನ ಇಲಿಯ ಪ್ರತಿಮೆಯೂ ಕೊಳಕಿನ ರಾಕ್ಷಸನೂ ಬಂದರು. ಅವರೊಡನೆ, ಬಿಳಿಯ ಬಟ್ಟೆ ಉಟ್ಟು ಹಾರ ಧರಿಸಿದ ಜಾಡಮಾಲಿಗಳೂ ಗೌರವದಿಂದ ನಡೆದುಬಂದರು. ತುಳಸಿಕಟ್ಟೆಯಿರುವ ಮನೆಯಲ್ಲಿ ಶುಚಿಯಿರುತ್ತದೆಂದು ಈ ಸಸ್ಯಶಾಸ್ತ್ರಜ್ಞರು ಕಂಡುಕೊಂಡಿದ್ದರು. ಇಂದೂರಿನ ವರದಿ 1918ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು.

ಇದರ ಹಿಂದಿನ ವರ್ಷ ಅವರ ಪಾಲಿಗೆ ದಾರುಣವಾದುದು. 1917ರ ಏಪ್ರಿಲಿನಲ್ಲಿ ಹಿರಿಯ ಮಗ ಅಲಸ್ಡೇರ್ ಫ್ರಾನ್ಸಿನ ರಣರಂಗದಲ್ಲಿ ಮಡಿದನು. ಜ್ವರದಿಂದ ಹಾಸಿಗೆ ಹಿಡಿದಿದ್ದ ಪತ್ನಿಗೆ ಆ ಸುದ್ದಿಯನ್ನು ತಿಳಿಸದೆ ಗೆಡ್ಡೆಸರು ಒಳಗೊಳಗೇ ನುಂಗಿಕೊಂಡರು. ಜೂನ್ ತಿಂಗಳಲ್ಲಿ ಕಲ್ಕತ್ತೆಯಲ್ಲಿ ಆನಾ ತೀರಿಕೊಂಡರು.

1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರ ವಿಭಾಗಕ್ಕೆ ಅವರು ಮೊದಲ ಪ್ರಾಧ್ಯಾಪಕರಾದರು. ಅವರ ಅನಂತರ ಆ ಪೀಠಕ್ಕೆ ಬಂದ ಘುರ್ಯೆಯವರ ಶಿಷ್ಯರೇ ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸರು. 1924ರಲ್ಲಿ ಫ್ರಾನ್ಸಿನ ಮಾಂಪೆಲಿಯೇ ನಗರಕ್ಕೆ ಹೋಗಿ ವಿದ್ಯಾಲಯ ಕಟ್ಟತೊಡಗಿದ ಗೆಡ್ಡೆಸರು, ಸರ್ ಪದವಿ ಬಂದ ವರ್ಷವೇ, 1932ರ ಏಪ್ರಿಲ್ 17ರಂದು ಅಲ್ಲಿಯೇ ನಿಧನರಾದರು.

ಎಡಿನ್‌ಬರೋ ನಗರಸಭೆಯ ಕೈಗೆ ಕಾನೂನಿನ ಬಲ ಬಂದದ್ದು ಬಹಳ ತಡವಾಗಿ. 1967ರ ಕಾಯಿದೆಯು ಒಂದು ಕಟ್ಟಡವನ್ನಲ್ಲದೆ ಇಡೀ ಕೇರಿಯನ್ನೇ ಸಂರಕ್ಷಿತ ಪ್ರದೇಶವೆಂದು ಸಾರಲು ಅವಕಾಶವಿತ್ತಿತು. ಹಳೆಯ ಪಟ್ಟಣವು 1977ರಲ್ಲಿ ಹಾಗಾಯಿತು. 1995ರಲ್ಲಿ ಹಳೆಯ ಹಾಗೂ ಹೊಸ ಪಟ್ಟಣಗಳೆರಡೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಈಗ ಅಲ್ಲಿ ಹಳೆಯ ಕಟ್ಟಡವನ್ನು ಕೆಡವಬೇಕಾದರೆ ನಗರಸಭೆಯ ಒಪ್ಪಿಗೆ ಬೇಕು. ಕಲ್ಲುಗಳೇನೋ ಉಳಿದುವು. ಆದರೆ ಮನೆಗಳೇ ಪ್ರವಾಸಿಗರ ಬಿಡಾರಗಳಾಗುತ್ತ ಬಂದು, ಊರಿನವರಿಗೆ ಬಾಡಿಗೆಗೆ ಮನೆ ಸಿಗುವುದು ಕಷ್ಟವಾಯಿತು. ಆದುದರಿಂದ 2022ರಲ್ಲಿ ನಗರಸಭೆಯು ಇಡೀ ನಗರದಲ್ಲಿ ಇಂತಹ ಅಲ್ಪಾವಧಿಯ ಬಾಡಿಗೆಗೂ ನಿಯಂತ್ರಣ ತಂದಿತು. ಗೆಡ್ಡೆಸರು ದುರಸ್ತಿ ಮಾಡಿಸಿದ ರಿಡಲ್ಸ್ ಕೋರ್ಟ್ 2017ರಲ್ಲಿ ಅವರದೇ ಹೆಸರಿನ ಕಲಿಕೆಯ ಕೇಂದ್ರವಾಗಿ ಮತ್ತೆ ಬಾಗಿಲು ತೆರೆಯಿತು.