ನಾಯಿಯ ಚೀಟಿಯಲ್ಲಿ ಬರೆದಿರುವ ಕುಶಿಂಗ್ ಯಾರು?

ಪಶುವೈದ್ಯರು ನಿಮ್ಮ ನಾಯಿಯ ಚೀಟಿಯಲ್ಲಿ ಕುಶಿಂಗ್ಸ್ ಎಂದು ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೊಟ್ಟಿದ್ದಾರೆಯೇ? ವಿಜಯವಾಡದ ಬೇಸಿಗೆಯಲ್ಲಿ ನಾಯಿ ಬಟ್ಟಲುಗಟ್ಟಲೆ ನೀರು ಕುಡಿದರೆ, ನಾಲಿಗೆ ಚಾಚಿ ಏದುಸಿರು ಬಿಟ್ಟರೆ ಯಾರಿಗೂ ಅನುಮಾನ ಬರುವುದಿಲ್ಲ. ವಿಶಾಖಪಟ್ಟಣದ ಬೆವರು ಹರಿಸುವ ಕಡಲ ಗಾಳಿಯಲ್ಲೂ ಅಷ್ಟೇ. ಹೊಟ್ಟೆ ಜೋತುಬಿದ್ದರೆ ವಯಸ್ಸಾಯಿತು ಎನ್ನುತ್ತೇವೆ, ಮೈಯ ಕೂದಲು ಉದುರಿದರೆ ಸೆಕೆ ಎನ್ನುತ್ತೇವೆ. ಇವೆಲ್ಲ ಒಂದೇ ಕಾಯಿಲೆಯ ಲಕ್ಷಣಗಳು ಆಗಿರಬಹುದು ಎಂದು ನೋಡಲು ಕಲಿಸಿದವರ ಹೆಸರೇ ನಿಮ್ಮ ಚೀಟಿಯಲ್ಲಿರುವುದು.

ಹಾರ್ವಿ ಕುಶಿಂಗ್ ಹುಟ್ಟಿದ್ದು 1869ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ. ಹತ್ತು ಮಕ್ಕಳಲ್ಲಿ ಕೊನೆಯವರು. ತಂದೆ, ಅಜ್ಜ, ಮುತ್ತಜ್ಜ ಮೂವರೂ ವೈದ್ಯರು. ಯೇಲ್‌ನಲ್ಲಿ ಪದವಿ ಮುಗಿಸಿ ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಗ, ಅವರು ಈಥರ್ ಕೊಟ್ಟು ಅರಿವಳಿಕೆ ಮಾಡಿದ ರೋಗಿಯೊಬ್ಬರು ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ತೀರಿಕೊಂಡರು. ಓದು ಬಿಟ್ಟುಬಿಡಬೇಕೆನ್ನುವಷ್ಟು ಅವರು ಕುಗ್ಗಿದರು. ಬಿಡಲಿಲ್ಲ. ಸಹಪಾಠಿ ಕಾಡ್‌ಮನ್ ಜೊತೆ ಸೇರಿ, ಅರಿವಳಿಕೆಯಲ್ಲಿರುವ ರೋಗಿಯ ನಾಡಿ ಮತ್ತು ಉಸಿರಾಟವನ್ನು ಆಗಾಗ ಬರೆದಿಡುವ ಪಟ್ಟಿಯೊಂದನ್ನು ರೂಪಿಸಿದರು. ಇಂದು ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ತಜ್ಞರು ತುಂಬುವ ಹಾಳೆಯ ಮೂಲ ಅದು. 1901ರಲ್ಲಿ ಇಟಲಿಯ ಪಾವಿಯಾದಲ್ಲಿ ರಕ್ತದೊತ್ತಡ ಅಳೆಯುವ ತೋಳುಪಟ್ಟಿಯನ್ನು ನೋಡಿ, ಅದನ್ನೂ ಅಮೆರಿಕಕ್ಕೆ ಒಯ್ದರು. ಅಳೆದು ಬರೆದಿಡುವುದು ಅವರ ಸ್ವಭಾವವೇ ಆಗಿಹೋಗಿತ್ತು.

ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಅವರು ಮಿದುಳಿನ ಶಸ್ತ್ರಚಿಕಿತ್ಸೆಗೆ ಇಳಿದರು. ಅಲ್ಲಿನ ಹಂಟೇರಿಯನ್ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ನಾಯಿಗಳ ಮೇಲೆ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದರು. ಮನುಷ್ಯರಿಗೆ ಹೇಗೋ ಹಾಗೆಯೇ ಅರಿವಳಿಕೆ, ಶುಚಿತ್ವ, ದಾಖಲೆ ಎಲ್ಲವೂ ಇರಬೇಕೆಂಬುದು ಕುಶಿಂಗ್ ಅವರ ಕಟ್ಟುನಿಟ್ಟು. ಕ್ರೋ ಮತ್ತು ಹೋಮನ್ಸ್ ಎಂಬ ಇಬ್ಬರು ಕಿರಿಯರೊಂದಿಗೆ ಅವರು ನಾಯಿಗಳ ಪಿಟ್ಯುಟರಿ ಗ್ರಂಥಿಯನ್ನು ತೆಗೆದು ಏನಾಗುತ್ತದೆಂದು ನೋಡಿದರು. ಮಿದುಳಿನ ಬುಡದಲ್ಲಿ ಕಡಲೆಕಾಳಿನ ಗಾತ್ರದಲ್ಲಿರುವ ಗ್ರಂಥಿ ಇದು. ಇಡೀ ಗ್ರಂಥಿ ತೆಗೆದ ನಾಯಿಗಳು ಸತ್ತವು. ಸ್ವಲ್ಪ ಭಾಗ ಉಳಿಸಿದ ನಾಯಿಗಳು ಬದುಕಿದವು, ಆದರೆ ಬೊಜ್ಜು ಬೆಳೆಸಿಕೊಂಡವು. ಮರಿಗಳು ಪ್ರಾಯಕ್ಕೆ ಬರಲೇ ಇಲ್ಲ. 1910ರಲ್ಲಿ ಪ್ರಕಟವಾದ ಈ ವರದಿಯಲ್ಲಿ, ಪಿಟ್ಯುಟರಿ ಇಲ್ಲದೆ ಜೀವವೇ ಉಳಿಯದು ಎಂಬ ತೀರ್ಮಾನವಿತ್ತು. ಅದು ಪೂರ್ತಿ ಸರಿಯಲ್ಲವೆಂದು ನಂತರದವರು ತೋರಿಸಿದರು. ನಾಯಿಯನ್ನು ಮನೆಮಗುವಿನಂತೆ ಸಾಕುವ ನಿಮಗೆ ಇದನ್ನು ಓದಲು ಕಷ್ಟವಾಗಬಹುದು. ಆದರೂ ಇಂದು ನಿಮ್ಮ ನಾಯಿಗೆ ಸಿಗುವ ಚಿಕಿತ್ಸೆಯ ದಾರಿ ಆ ನಾಯಿಗಳ ಮೂಲಕವೇ ಬಂದದ್ದು.

ಅದೇ ವರ್ಷ 23 ವಯಸ್ಸಿನ ಹೆಣ್ಣುಮಗಳೊಬ್ಬಳು ಅವರಲ್ಲಿಗೆ ಬಂದಳು. ಮುಖ ಗುಂಡಗಾಗಿತ್ತು, ಹೊಟ್ಟೆ ಬೆಳೆದಿತ್ತು, ಚರ್ಮ ತೆಳುವಾಗಿ ಸುಮ್ಮನೆ ತಾಕಿದರೂ ಕಂದುತ್ತಿತ್ತು, ಮುಟ್ಟು ನಿಂತಿತ್ತು, ರಕ್ತದೊತ್ತಡ ಏರಿತ್ತು. 1912ರಲ್ಲಿ ಪಿಟ್ಯುಟರಿ ಕುರಿತು ಬರೆದ ಪುಸ್ತಕದಲ್ಲಿ ಕುಶಿಂಗ್ ಅವಳ ವಿವರ ಸೇರಿಸಿದರು. ಹಲವು ಗ್ರಂಥಿಗಳು ಒಟ್ಟಿಗೆ ಕೆಟ್ಟಿರಬೇಕು ಎಂದಷ್ಟೇ ಆಗ ಅವರಿಗೆ ಅನ್ನಿಸಿತ್ತು. ಖಚಿತ ಉತ್ತರಕ್ಕೆ 20 ವರ್ಷ ಬೇಕಾಯಿತು.

ಆ 20 ವರ್ಷಗಳಲ್ಲಿ ಅವರು ಬಾಸ್ಟನ್‌ಗೆ ಹೋದರು, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, ತಮ್ಮ ಹಿರಿಯ ಸ್ನೇಹಿತ ವಿಲಿಯಂ ಆಸ್ಲರ್ ಅವರ ಜೀವನಚರಿತ್ರೆ ಬರೆದು 1926ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದರು. ಅದೇ ವರ್ಷ ಹಿರಿಯ ಮಗ ಕಾರು ಅಪಘಾತದಲ್ಲಿ ತೀರಿಕೊಂಡ. ಸುದ್ದಿ ಬಂದ ದಿನವೂ ಅವರು ನಿಗದಿಯಾಗಿದ್ದ ಶಸ್ತ್ರಚಿಕಿತ್ಸೆಯನ್ನು ಮಾಡಿ ಮುಗಿಸಿದರು. ಸಹಾಯಕರ ಮೇಲೆ ಸಿಡುಕುತ್ತಿದ್ದ, ಮನೆಗಿಂತ ಆಸ್ಪತ್ರೆಯಲ್ಲೇ ಹೆಚ್ಚು ಹೊತ್ತು ಕಳೆದ ಮನುಷ್ಯ. ರೋಗಿಗಳ ಪತ್ರಗಳನ್ನು ಮಾತ್ರ ವರ್ಷಗಟ್ಟಲೆ ಕೇಳಿ ತರಿಸಿಕೊಳ್ಳುತ್ತಿದ್ದರು. 1932ರಲ್ಲಿ, ಗುಂಡುಮುಖ, ಜೋಲುಹೊಟ್ಟೆ, ತೆಳು ಚರ್ಮದ 12 ರೋಗಿಗಳ ವಿವರಗಳನ್ನು ಒಂದೆಡೆ ಇಟ್ಟು ನೋಡಿ, ಪಿಟ್ಯುಟರಿಯ ಪುಟ್ಟ ಗಡ್ಡೆಯೇ ಇದಕ್ಕೆ ಮೂಲ ಎಂದು ಬರೆದರು.

ಈಗ ನಿಮ್ಮ ನಾಯಿಗೆ ಬರೋಣ. ಪಿಟ್ಯುಟರಿ ಗ್ರಂಥಿಯು ಮೂತ್ರಪಿಂಡಗಳ ಬಳಿ ಇರುವ ಎರಡು ಅಡ್ರಿನಲ್ ಗ್ರಂಥಿಗಳಿಗೆ ಆಜ್ಞೆ ಕಳಿಸುತ್ತದೆ; ಅವು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಈ ಕಾಯಿಲೆ ತಾನಾಗಿ ಬಂದ ನಾಯಿಗಳಲ್ಲಿ ಶೇ. 80ರಿಂದ 85ರಷ್ಟಕ್ಕೆ ಗಡ್ಡೆ ಪಿಟ್ಯುಟರಿಯಲ್ಲೇ ಇರುತ್ತದೆ. ಉಳಿದವುಗಳಲ್ಲಿ ಗಡ್ಡೆ ಅಡ್ರಿನಲ್‌ನಲ್ಲೇ ಇರುತ್ತದೆ. ಅಂಥ ಗಡ್ಡೆಗಳಲ್ಲಿ ಸುಮಾರು ಅರ್ಧ ಕ್ಯಾನ್ಸರ್. ಎಲ್ಲಿದೆ ಎಂದು ತಿಳಿಯದೆ ಚಿಕಿತ್ಸೆ ನಿರ್ಧರಿಸಲಾಗದು. ಅದಕ್ಕೇ ಇಷ್ಟೊಂದು ಪರೀಕ್ಷೆ. ಡೆಕ್ಸಾಮೆಥಾಸೋನ್ ಪರೀಕ್ಷೆಯಲ್ಲಿ ಚುಚ್ಚುಮದ್ದಿಗೆ ಮುಂಚೆ, 4 ಗಂಟೆಗೆ, 8 ಗಂಟೆಗೆ ಹೀಗೆ ಮೂರು ಸಲ ರಕ್ತ ತೆಗೆಯುತ್ತಾರೆ. ಆರೋಗ್ಯವಂತ ನಾಯಿಯಲ್ಲಿ ಕಾರ್ಟಿಸಾಲ್ ಇಳಿದು ಇಳಿದೇ ಇರುತ್ತದೆ, ಈ ಕಾಯಿಲೆಯಲ್ಲಿ ಹಾಗಾಗುವುದಿಲ್ಲ. ಬೇರೆ ಕಾಯಿಲೆಯಿಂದ ನರಳುತ್ತಿರುವ ನಾಯಿಯಲ್ಲೂ ಫಲಿತಾಂಶ ಏರುಪೇರಾಗಬಹುದು, ಆದ್ದರಿಂದ ವೈದ್ಯರು ಪರೀಕ್ಷೆ ಮುಂದೂಡಿದರೆ ಬೇಸರಪಡಬೇಡಿ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಒಂದು ಅಡ್ರಿನಲ್ ದಪ್ಪವಾಗಿ ಇನ್ನೊಂದು ಸೊರಗಿದ್ದರೆ ಗಡ್ಡೆ ಅಡ್ರಿನಲ್‌ನದೇ ಎಂಬ ಅನುಮಾನ ಬಲವಾಗುತ್ತದೆ. ಆಗ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ; ಪಕ್ಕದ ದೊಡ್ಡ ರಕ್ತನಾಳಕ್ಕೆ ಗಡ್ಡೆ ಹಬ್ಬಿದ್ದರೆ ಅಪಾಯ ಹೆಚ್ಚು.

ಕುಶಿಂಗ್ ಅವರು 1939ರ ಅಕ್ಟೋಬರ್ 7ರಂದು ಹೃದಯಾಘಾತದಿಂದ ತೀರಿಕೊಂಡರು. ಸಿಗರೇಟು ಬಿಡದ ಮನುಷ್ಯ, ಕಾಲಿನ ರಕ್ತನಾಳಗಳೂ ಕೆಟ್ಟಿದ್ದವು. ಶವಪರೀಕ್ಷೆಯಲ್ಲಿ ಅವರ ಮಿದುಳಿನಲ್ಲೂ ಒಂದು ಪುಟ್ಟ ಗಂಟು ಸಿಕ್ಕಿತು.

ಅವರು ನೋಡದೇ ಹೋದದ್ದು ಬಹಳ. 1948ರಲ್ಲಿ ಕಾರ್ಟಿಸೋನ್ ಮೊದಲ ಬಾರಿಗೆ ಕೀಲುವಾತದ ರೋಗಿಗೆ ಕೊಡಲ್ಪಟ್ಟಿತು. ಅಲ್ಲಿಂದ ಸ್ಟೀರಾಯ್ಡ್ ಯುಗ ಶುರು. ಇಂದು ಮನುಷ್ಯರಲ್ಲಿ ಕುಶಿಂಗ್ ಲಕ್ಷಣಗಳಿಗೆ ಅತಿ ಸಾಮಾನ್ಯ ಕಾರಣ ಗಡ್ಡೆಯಲ್ಲ, ತಿಂಗಳುಗಟ್ಟಲೆ ನುಂಗಿದ ಸ್ಟೀರಾಯ್ಡ್ ಮಾತ್ರೆ. ನಾಯಿಗಳಲ್ಲೂ ತುರಿಕೆಗೆಂದು ಪದೇಪದೇ ಕೊಟ್ಟ ಮಾತ್ರೆ, ಮುಲಾಮು, ಕಿವಿಯ ಹನಿಗಳಿಂದ ಇದೇ ಸ್ಥಿತಿ ಬರುತ್ತದೆ. ಫಾರ್ಮಸಿಸ್ಟ್ ಆಗಿ ನಾನು ಗಟ್ಟಿಯಾಗಿ ಹೇಳುವುದು ಇಷ್ಟೇ: ಹೆಸರು ಗೊತ್ತಿಲ್ಲದ ಮಾತ್ರೆಯ ಹಾಳೆಯನ್ನೂ ಎಸೆಯದೆ ವೈದ್ಯರಿಗೆ ತೋರಿಸಿ. ಬಹುಕಾಲದ ಸ್ಟೀರಾಯ್ಡನ್ನು ಹೆದರಿ ಒಮ್ಮೆಲೇ ನಿಲ್ಲಿಸಬೇಡಿ. ಅಡ್ರಿನಲ್ ನಿದ್ದೆಗೆ ಜಾರಿರುತ್ತದೆ, ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು.

1949ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಡಿಡಿಟಿಯ ಹತ್ತಿರದ ನೆಂಟನಾದ ಡಿಡಿಡಿ ಎಂಬ ರಾಸಾಯನಿಕ ತಿನ್ನಿಸಿದ ನಾಯಿಗಳಲ್ಲಿ ಅಡ್ರಿನಲ್‌ನ ಹೊರಪದರ ನಾಶವಾಗಿತ್ತು. ಅದರಿಂದಲೇ ಮೈಟೋಟೇನ್ ಔಷಧಿ ಬಂದಿತು. ಈಗ ಹೆಚ್ಚಾಗಿ ಬರೆಯುವುದು ಟ್ರೈಲೋಸ್ಟೇನ್. ಇದು ಗ್ರಂಥಿಯನ್ನು ಕೊಲ್ಲುವ ಬದಲು ಕಾರ್ಟಿಸಾಲ್ ತಯಾರಿಯನ್ನು ತಡೆಯುತ್ತದೆ. ಊಟದ ಜೊತೆಗೇ ಕೊಡಿ. ಕ್ಯಾಪ್ಸೂಲ್ ಬಿಚ್ಚಿ ಪುಡಿ ಬೆರೆಸಬೇಡಿ. ಗರ್ಭಿಣಿಯರು ಮುಟ್ಟುವುದೇ ಬೇಡ. ಶುರುಮಾಡಿದ ಹತ್ತು-ಹದಿನಾಲ್ಕು ದಿನಕ್ಕೆ ಮತ್ತೆ ರಕ್ತಪರೀಕ್ಷೆ ಇರುತ್ತದೆ, ಅದನ್ನು ತಪ್ಪಿಸಬೇಡಿ. ನಾಯಿ ಊಟ ಬಿಟ್ಟರೆ, ವಾಂತಿ ಮಾಡಿದರೆ, ನಿಲ್ಲಲಾಗದೆ ಕುಸಿದರೆ ಮುಂದಿನ ಡೋಸ್ ಕೊಡದೆ ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ. ಕಾರ್ಟಿಸಾಲ್ ಅತಿಯಾಗಿ ಇಳಿದಿರಬಹುದು.

ವಿಜಯವಾಡದವರಿಗೆ ಹತ್ತಿರದ ಗನ್ನವರಂನಲ್ಲಿ ಎನ್.ಟಿ.ಆರ್. ಪಶುವೈದ್ಯಕೀಯ ಕಾಲೇಜು ಇದೆ. ಎಲ್ಲಿಗೆ ಹೋದರೂ ಎಂಟು ಗಂಟೆಯ ಪರೀಕ್ಷೆ ಅಂದು ಮಾಡುತ್ತಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಹೋಗುವ ಮುಂಚೆ ಮೂರು ದಿನ ಬಟ್ಟಲಿಗೆ ಸುರಿದ ನೀರು, ಉಳಿದ ನೀರು ಎರಡನ್ನೂ ಅಳೆದು ಬರೆಯಿರಿ. ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 100 ಮಿ.ಲೀ. ದಾಟಿದರೆ, ಅಂದರೆ 10 ಕೆ.ಜಿ. ನಾಯಿ ಒಂದು ಲೀಟರಿಗಿಂತ ಹೆಚ್ಚು ಕುಡಿದರೆ, ಅದನ್ನು ಸೆಕೆಯ ಲೆಕ್ಕಕ್ಕೆ ಬಿಡದೆ ಆ ಹಾಳೆಯನ್ನು ವೈದ್ಯರ ಕೈಗೆ ಕೊಡಿ.