ಗೋಕಾಕದ ಘೇಂಡಾಮೃಗ ಮತ್ತು ರಾಬರ್ಟ್ ಬ್ರೂಸ್ ಫೂಟ್

ಮಕ್ಕಳೇ, ಘೇಂಡಾಮೃಗವನ್ನು ನೀವು ಚಿತ್ರದಲ್ಲಿ ನೋಡಿರುತ್ತೀರಿ. ನಮ್ಮ ದೇಶದಲ್ಲಿ ಅದು ಈಗ ಹೆಚ್ಚಾಗಿ ಉಳಿದಿರುವುದು ದೂರದ ಅಸ್ಸಾಮಿನಲ್ಲಿ. ಆದರೆ ಬಹಳ ಹಿಂದೆ ಅದೇ ಬಳಗದ ಒಂದು ಪ್ರಾಣಿ ಬೆಳಗಾವಿ ಜಿಲ್ಲೆಯ ಗೋಕಾಕದ ಹತ್ತಿರ ಬದುಕಿತ್ತು! ಇದನ್ನು ಲೋಕಕ್ಕೆ ತಿಳಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್.

ಫೂಟ್ 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿದರು. ಮರುವರ್ಷವೇ ಚಾರ್ಲ್ಸ್ ಡಾರ್ವಿನ್ನರ ಪ್ರಸಿದ್ಧ ಗ್ರಂಥ ಪ್ರಕಟವಾಯಿತು. ಜೀವಿಗಳೆಲ್ಲ ಹಳೆಯ ಪೂರ್ವಜರಿಂದ ನಿಧಾನವಾಗಿ ಬದಲಾಗುತ್ತ ಬಂದಿವೆ ಎಂದು ಡಾರ್ವಿನ್ ವಾದಿಸಿದರು. ಇದಕ್ಕೆ ನೆಲದೊಳಗೆ ಸಾಕ್ಷಿ ಇದೆಯೇ ಎಂಬ ಚರ್ಚೆ ಎಲ್ಲೆಡೆ ನಡೆದಿದ್ದ ಕಾಲವದು.

1863ರ ಮೇ 30ರಂದು ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಫೂಟ್ ಅವರಿಗೆ ಒಂದು ಕಲ್ಲಿನ ಕೈಕೊಡಲಿ ದೊರೆಯಿತು. ಭಾರತದಲ್ಲಿ ಹಳೆ ಶಿಲಾಯುಗದ ಮಾನವನಿದ್ದನೆಂಬುದು ಇದರಿಂದ ಗೊತ್ತಾಯಿತು.

ಮುಂದೆ ಅವರು ನಮ್ಮ ಭಾಗಕ್ಕೆ ಬಂದರು. ಆಗ ಇದು ಕಲಾದಗಿ ಜಿಲ್ಲೆ. ಇಲ್ಲಿ ಪ್ರಾಣಿಗಳ ಪಳೆಯುಳಿಕೆ ಸಿಗುವುದು ಸುಲಭವಲ್ಲ. ಏಕೆ ಗೊತ್ತೇ? ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆ ಎರೆ ಮಣ್ಣಿನ ಕೆಳಗಿರುವ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ. ಬೆಂಕಿಯಂಥ ರಸದಲ್ಲಿ ಎಲುಬು ಉಳಿಯುವುದು ಹೇಗೆ? ಮುದ್ದೇಬಿಹಾಳದ ಆಚೆ, ತಾಳಿಕೋಟೆಯ ಫರಸಿ ಕಲ್ಲು ಹಳೆಯ ಸಮುದ್ರದ ಕೆಸರಿನಿಂದಾದದ್ದು. ಆದರೆ ಅದು ಎಷ್ಟು ಹಳೆಯದೆಂದರೆ, ಆಗ ಎಲುಬಿರುವ ಪ್ರಾಣಿಗಳೇ ಇನ್ನೂ ಹುಟ್ಟಿರಲಿಲ್ಲ! ಹಾಗಾಗಿ ಎಲುಬು ಹುಡುಕಲು ತಕ್ಕ ಜಾಗವೆಂದರೆ ಹೊಳೆ, ಹಳ್ಳಗಳು ತಂದು ಹಾಕಿದ ಮಣ್ಣು.

ಗೋಕಾಕದ ಬಳಿ ಅಂಥ ಮಣ್ಣಿನಲ್ಲೇ ಘೇಂಡಾಮೃಗದ ಪಳೆಯುಳಿಕೆ ದೊರೆಯಿತು. ಫೂಟ್ ಅದರ ಹಲ್ಲುಗಳನ್ನು ಇತರ ಘೇಂಡಾಮೃಗಗಳ ಹಲ್ಲಿನೊಂದಿಗೆ ಹೋಲಿಸಿ ನೋಡಿದರು. ಹೋಲಿಕೆಯೂ ಇತ್ತು, ವ್ಯತ್ಯಾಸವೂ ಇತ್ತು. ಆದ್ದರಿಂದ 1874ರಲ್ಲಿ ಅದನ್ನು ಬೇರೆ ಪ್ರಭೇದವೆಂದು ವಿವರಿಸಿ, ದಖ್ಖನ್ನಿನ ಹೆಸರನ್ನೇ ಅದಕ್ಕೆ ಇಟ್ಟರು.

ಇನ್ನೊಂದು ಸೋಜಿಗ ಕೇಳಿ. ಘೇಂಡಾಮೃಗಕ್ಕೆ ಹತ್ತಿರದ ಸಂಬಂಧಿ ಆನೆಯಲ್ಲ, ಎಮ್ಮೆಯೂ ಅಲ್ಲ, ಕುದುರೆ! ಘೇಂಡಾಮೃಗದ ಪಾದಕ್ಕೆ ಮೂರು ಬೆರಳು, ಕುದುರೆಗೆ ಒಂದೇ ಗೊರಸು. ಆದರೆ ಕುದುರೆಯ ಕಾಲಿನ ಎಲುಬನ್ನು ನೋಡಿದರೆ ದೊಡ್ಡ ಎಲುಬಿನ ಎರಡೂ ಬದಿಗೆ ಸಣ್ಣ ಕಡ್ಡಿಯಂಥ ಎಲುಬುಗಳು ಅಂಟಿಕೊಂಡಿರುತ್ತವೆ. ಅವು ಕಳೆದುಹೋದ ಬೆರಳುಗಳ ಗುರುತು. ಮೂರು ಬೆರಳಿನ ಹಳೆಯ ಕುದುರೆಗಳ ಪಳೆಯುಳಿಕೆಗಳೂ ಸಿಕ್ಕಿವೆ. ಈ ಎರಡೂ ಬಳಗಗಳ ಪೂರ್ವಜನಿಗೆ ತೀರ ಹತ್ತಿರದ, ಸುಮಾರು 5.45 ಕೋಟಿ ವರ್ಷ ಹಿಂದಿನ ಕುರಿ ಗಾತ್ರದ ಪ್ರಾಣಿಯೊಂದರ ಎಲುಬುಗಳು ಗುಜರಾತಿನ ಗಣಿಯಲ್ಲಿ ದೊರೆತಿವೆ. ಫೂಟ್ ಅವರಿಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲ. ಅದರ ಪೂರ್ಣ ವಿವರ ಪ್ರಕಟವಾದದ್ದು 2020ರಲ್ಲಿ.

ತಾಳಿಕೋಟೆಯಿಂದ ಬಹಳ ದೂರವೇನೂ ಇಲ್ಲದ, ಹುಣಸಗಿ ಬಳಿಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣದ ಕಲ್ಲಿನಿಂದ ಕೈಕೊಡಲಿ ಮಾಡುತ್ತಿದ್ದ ತಾಣವನ್ನೂ ಇಪ್ಪತ್ತನೆಯ ಶತಮಾನದ ಕೊನೆಗೆ ಅಗೆದು ನೋಡಲಾಯಿತು. ಅದರ ಕಾಲ ಸುಮಾರು 12 ಲಕ್ಷ ವರ್ಷವೆಂದು ಅಂದಾಜು.

ಫೂಟ್ 1891ರಲ್ಲಿ ನಿವೃತ್ತರಾದರು. ಬಳಿಕ ಬರೋಡಾ ಮತ್ತು ಮೈಸೂರು ಸಂಸ್ಥಾನಗಳಲ್ಲಿಯೂ ದುಡಿದರು. 1904ರಲ್ಲಿ ಅವರ ಸಂಗ್ರಹ ಮದ್ರಾಸ್ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರ ಡಿಸೆಂಬರ್ 29ರಂದು ಅವರು ಕಲ್ಕತ್ತದಲ್ಲಿ ತೀರಿಕೊಂಡರು. ಅವರು ಬರೆದಿಟ್ಟ ಪಟ್ಟಿ 1914ರಲ್ಲಿ ಅಚ್ಚಾಯಿತು. ಯಾವ ಕಲ್ಲು ಯಾವ ಊರಲ್ಲಿ ಸಿಕ್ಕಿತೆಂಬುದು ಅದರಲ್ಲಿದೆ. ಅದನ್ನು ನೋಡಿಕೊಂಡೇ ಮುಂದಿನ ಸಂಶೋಧಕರು ಆ ಊರುಗಳಿಗೆ ಮತ್ತೆ ಹೋದರು.